ಗೇಟಿನ ಬಣ್ಣದ ಕೆಳಗೆ ಒಂದು ಗಿಟಾರ್

ಪ್ರಶ್ನೆ: ನನ್ನ ಸೋದರಮಾವ ಎಪ್ಪತ್ತರ ದಶಕದ ಕೊನೆಯಲ್ಲಿ ಓದಲು ಅಮೆರಿಕಕ್ಕೆ ಹೋಗಿದ್ದಾಗ ಕೊಂಡ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಈಗ ನನ್ನ ಬಳಿ ಇದೆ. ಊರಿಗೆ ಬಂದ ಮೇಲೆ ಅವರೇ ಬ್ರಶ್ಶಿನಲ್ಲಿ ಅದಕ್ಕೆ ಕಪ್ಪು ಎನಾಮಲ್ ಬಳಿದಿದ್ದಾರೆ. ಮನೆಯ ಗೇಟಿಗೆ ತಂದು ಉಳಿದಿದ್ದ ಬಣ್ಣ ಎಂದು ಅಮ್ಮ ಹೇಳುತ್ತಾರೆ. ಈಗ ಅದು ಅಲ್ಲಲ್ಲಿ ಎದ್ದು ಬರುತ್ತಿದೆ. ಹೆಡ್‌ಸ್ಟಾಕ್‌ಗೆ, ಅಂದರೆ ತಂತಿ ಬಿಗಿಯುವ ಕೀಲಿಗಳಿರುವ ತುದಿಗೆ, ಬಳಿದಿಲ್ಲ, ಆದರೆ ಕೆಲವು ಕಪ್ಪು ಹನಿಗಳು ಸಿಡಿದಿವೆ. ಕಂಪನಿಯ ಹೆಸರಿನ ಕೊನೆಯ ಅಕ್ಷರದ ಪಕ್ಕದಲ್ಲಿ ಲ್ಯಾಕರ್ ಹಕ್ಕಳೆಯಂತೆ ಏಳುತ್ತಿದೆ. ಹೆಸರಿನ ಬಳಿಯೇ ಎಸ್8 ಎಂದು ಶುರುವಾಗುವ ಸಂಖ್ಯೆ ಇದೆ. ಹಿಂಬದಿಯ ಲೋಹದ ತಗಡಿನ ಮೇಲೆ ಸಂಖ್ಯೆ ಇಲ್ಲ, ಮಾವ ಮೊಳೆಯಲ್ಲಿ ಗೀಚಿಕೊಂಡ ಎರಡು ಅಕ್ಷರಗಳಿವೆ ಅಷ್ಟೆ. ಒಂದು ಅಂಗಡಿಯಲ್ಲಿ ತೋರಿಸಿದಾಗ, ಪೂರ್ತಿ ಉಜ್ಜಿ ಹೊಸ ಬಣ್ಣ ಹೊಡೆದು ಹೊಸ ಸ್ಟಿಕ್ಕರ್ ಅಂಟಿಸಿ ಕೊಡುತ್ತೇವೆ ಎಂದರು. ನನಗೆ ಹಳೆಯ ಗುರುತುಗಳೆಲ್ಲ ಉಳಿಯಬೇಕು, ಗಿಟಾರ್ ಮೊದಲಿನಂತೆ ಕಾಣಬೇಕು. ಸಾಧ್ಯವೇ? ಮಳೆಗಾಲದ ರಜೆಯಲ್ಲಿ ನಾನೇ ಮಾಡಬಹುದೇ?
— ಮೈಸೂರಿನ ಓದುಗರು

ಉತ್ತರ: ಆ ಅಂಗಡಿಗೆ ಮತ್ತೆ ಹೋಗಬೇಡಿ. ಅವರು ಕೆಟ್ಟವರೆಂದು ಹೇಳುತ್ತಿಲ್ಲ. ಉಜ್ಜಿ ಬಳಿಯುವುದು ಅವರಿಗೆ ನಾಲ್ಕು ದಿನದ ಕೆಲಸ, ನೀವು ಕೇಳುತ್ತಿರುವುದು ಎರಡು ತಿಂಗಳ ತಾಳ್ಮೆ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಅನ್ನಿಸಿದ್ದು, ಈ ಗಿಟಾರಿಗೆ ಹೊಸ ಬಣ್ಣದ ಅಗತ್ಯವೇ ಇಲ್ಲದಿರಬಹುದು ಎಂದು. ಕಾರ್ಖಾನೆಯ ಬಣ್ಣ ಗೇಟಿನ ಎನಾಮಲ್ ಕೆಳಗೆ ಹೆಚ್ಚುಕಡಿಮೆ ಹಾಗೆಯೇ ಕುಳಿತಿರುವ ಸಾಧ್ಯತೆ ಬಹಳ ಇದೆ. ಅದನ್ನು ಹೊರಗೆ ತರುವುದು ನಿಮ್ಮ ಕೆಲಸ.

ಈ ಧೈರ್ಯ ನನಗೆ ಬರುವುದು ಗಿಟಾರ್ ಹುಟ್ಟಿದ ಕಾಲದಿಂದ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಕಟ್ಟಿದ ಕಂಪನಿ 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ತಂದಾಗ ಅದಕ್ಕೆ ಹೊಡೆಯುತ್ತಿದ್ದುದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಂದರೆ ನಮ್ಮ ಮರದ ಪಾಲಿಶ್ ಕೆಲಸದವರು ಎನ್‌ಸಿ ಲ್ಯಾಕರ್ ಎನ್ನುವ ವಸ್ತು. 1965ರಲ್ಲಿ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೊಂಡುಕೊಂಡಿತು. 1968ರ ಸುಮಾರಿಗೆ ಗಿಟಾರಿನ ಬಾಡಿಗೆ, ಅಂದರೆ ಒಡಲಿಗೆ, ದಪ್ಪನೆಯ ಪಾಲಿಯೆಸ್ಟರ್ ಲೇಪ ಬಂತು. ಎನ್‌ಸಿ ಲ್ಯಾಕರ್ ಒಣಗುವುದೆಂದರೆ ಅದರೊಳಗಿನ ಥಿನ್ನರ್ ಆರಿಹೋಗುವುದು, ಅಷ್ಟೆ. ನಲವತ್ತು ವರ್ಷ ಕಳೆದ ಮೇಲೂ ಥಿನ್ನರ್ ತಾಗಿಸಿದರೆ ಮತ್ತೆ ಕರಗುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಅದು ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಅನ್ನ ಮತ್ತೆ ಅಕ್ಕಿಯಾಗದ ಹಾಗೆ, ಅದೂ ಹಿಂದಿರುಗುವುದಿಲ್ಲ. ಗಿಟಾರ್ ಪ್ರಿಯರು ಈ ಲೇಪವನ್ನು ದಶಕಗಳ ಕಾಲ ಬೈದುಕೊಂಡಿದ್ದಾರೆ. ಮರ ಉಸಿರಾಡುವುದಿಲ್ಲ, ನಾದ ಕೂರುವುದಿಲ್ಲ ಇತ್ಯಾದಿ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ನಿಮ್ಮ ಪಾಲಿಗೆ ಆ ದಪ್ಪ ಪ್ಲಾಸ್ಟಿಕ್ಕಿನಂಥ ಲೇಪವೇ ಕವಚ.

ಇನ್ನೊಂದು ಅದೃಷ್ಟವೂ ಇದೆ. ನುಣುಪಾದ ಪಾಲಿಯೆಸ್ಟರ್ ಮೇಲೆ ಎನಾಮಲ್ ಚೆನ್ನಾಗಿ ಕಚ್ಚಿಕೊಳ್ಳಬೇಕಾದರೆ ಮೊದಲು ಎಮರಿ ಪೇಪರ್‌ನಲ್ಲಿ ಒರಟು ಮಾಡಬೇಕು. ಗೇಟಿಗೆ ತಂದ ಬಣ್ಣ ಮಿಕ್ಕಿತೆಂದು ಗಿಟಾರಿಗೆ ಬಳಿಯುವ ಹುಡುಗ ಅಷ್ಟು ಶ್ರಮ ಪಟ್ಟಿರುವುದು ಅನುಮಾನ. ಬಣ್ಣ ತಾನಾಗಿ ಎದ್ದು ಬರುತ್ತಿದೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಮಾವನವರ ಸೋಮಾರಿತನ ಗಿಟಾರನ್ನು ಕಾಪಾಡಿದೆ ಎಂದು ಅವರಿಗೆ ತಿಳಿಸಬಹುದು.

ಅಪಾಯ ಇರುವುದು ಮೇಲೆ, ಹೆಡ್‌ಸ್ಟಾಕ್‌ನಲ್ಲಿ. ಎಪ್ಪತ್ತರ ದಶಕದಲ್ಲಿ ಗಿಟಾರಿನ ಉಳಿದ ಭಾಗಕ್ಕೆಲ್ಲ ಪಾಲಿಯೆಸ್ಟರ್ ಹೊಡೆಯುತ್ತಿದ್ದ ಫೆಂಡರ್, ಹೆಡ್‌ಸ್ಟಾಕ್‌ನ ಮುಖಕ್ಕೆ ಮಾತ್ರ ಹಳೆಯ ನೈಟ್ರೋ ಲ್ಯಾಕರನ್ನೇ ಉಳಿಸಿಕೊಂಡಿತ್ತು. ಕಂಪನಿಯ ಹೆಸರಿರುವ ತೆಳು ಡೆಕಲ್‌ಗೂ (ಅಂಟಿಸಿದ ಅಚ್ಚಿನ ಪೊರೆ) ಪಾಲಿಯೆಸ್ಟರ್‌ಗೂ ಆಗಿಬರುತ್ತಿರಲಿಲ್ಲ, ಡೆಕಲ್ ಕೆಡುತ್ತಿತ್ತು. ಬೆಳಕಿಗೆ ಹಿಡಿದು ನೋಡಿ: ಹೆಡ್‌ಸ್ಟಾಕ್‌ನ ಮುಂಭಾಗ ಜೇನುತುಪ್ಪದ ಬಣ್ಣಕ್ಕೆ ತಿರುಗಿದ್ದು, ಅದರ ಹಿಂಭಾಗ ಇನ್ನೂ ಬಿಳಿಚಿಕೊಂಡಿದ್ದರೆ ಕಾರಣ ಇದೇ. ನೈಟ್ರೋ ವಯಸ್ಸಾದಂತೆ ಹಳದಿಯಾಗುತ್ತದೆ. ಹೀಗೆ ಒಂದೇ ಗಿಟಾರಿನಲ್ಲಿ ಎರಡು ಜಾತಿಯ ಲೇಪವಿದೆ. ಬಾಡಿಯ ಮೇಲಿನ ಎನಾಮಲ್ ತೆಗೆಯಲು ಬಳಸುವ ಥಿನ್ನರಿನ ಒಂದೇ ಒಂದು ಹನಿ ಹೆಡ್‌ಸ್ಟಾಕ್ ಮೇಲೆ ಬಿದ್ದರೆ ಹೆಸರೂ ಸಂಖ್ಯೆಯೂ ಒಟ್ಟಿಗೆ ಹೋಗುತ್ತವೆ.

ಇದನ್ನು ಪುಸ್ತಕ ಓದಿ ಕಲಿತವನಲ್ಲ ನಾನು. ಕೆಲಸ ಶುರು ಮಾಡಿದ ಹೊಸದರಲ್ಲಿ, ಗಿರಾಕಿಯೊಬ್ಬರ ಇದೇ ಕಾಲದ ಗಿಟಾರಿನ ಬಾಡಿಯಿಂದ ಅಂಟಿನ ಕಲೆ ತೆಗೆದು, ಸಲೀಸಾಗಿ ಹೋಯಿತೆಂಬ ಹುಮ್ಮಸ್ಸಿನಲ್ಲಿ ಅದೇ ಬಟ್ಟೆಯನ್ನು ಹೆಡ್‌ಸ್ಟಾಕ್ ಮೇಲೂ ಎಳೆದೆ. ಒಮ್ಮೆ ಎಳೆದಿದ್ದಷ್ಟೆ. ಕಪ್ಪು ಅಕ್ಷರಗಳು ಕಣ್ಣಿನ ಕಾಡಿಗೆ ಕದಡಿದ ಹಾಗೆ ಒಂದು ಬದಿಗೆ ಹರಿದವು. ಅವರು ಏನೂ ಅನ್ನಲಿಲ್ಲ, ಗಿಟಾರ್ ತೆಗೆದುಕೊಂಡು ಹೋದರು. ಅಂದಿನಿಂದ ನನ್ನ ಮೇಜಿನ ಮೇಲೆ ನೆಕ್ (ಹೆಡ್‌ಸ್ಟಾಕ್ ಇರುವ ಗಿಟಾರಿನ ಕತ್ತು) ಮತ್ತು ಥಿನ್ನರ್ ಡಬ್ಬಿ ಒಟ್ಟಿಗೆ ಇರುವುದಿಲ್ಲ.

ಲೋಹದ ತಗಡಿನ ಮೇಲೆ ಸಂಖ್ಯೆ ಇಲ್ಲವೆಂದು ನಿಮಗೆ ಅನುಮಾನ ಬಂದಂತಿದೆ. ಚಿಂತೆ ಬೇಡ. ಫೆಂಡರ್ 1976ರವರೆಗೆ ಸರಣಿ ಸಂಖ್ಯೆಯನ್ನು ನೆಕ್ ಕೂಡಿಸುವ ತಗಡಿನ ಮೇಲೆ ಒತ್ತುತ್ತಿತ್ತು, ಆ ವರ್ಷದಿಂದ ಅದನ್ನು ಹೆಡ್‌ಸ್ಟಾಕ್‌ನ ಡೆಕಲ್‌ಗೆ ಸಾಗಿಸಿತು. ಎಸ್ ಅಂದರೆ ಎಪ್ಪತ್ತರ ದಶಕ, 8 ಅಂದರೆ 1978. ಆದರೆ ಅದನ್ನು ಹುಟ್ಟಿದ ತಾರೀಖೆಂದು ಹಿಡಿಯಬೇಡಿ, ಸಂಖ್ಯೆಗಳು ಮುಂದಿನ ವರ್ಷಕ್ಕೂ ಹರಿದಿರುವುದುಂಟು. ತಗಡಿನಲ್ಲಿ ನಾಲ್ಕರ ಬದಲು ಮೂರು ಸ್ಕ್ರೂ ಇದ್ದರೆ ಕಾಲಕ್ಕೆ ಸರಿಯಾಗಿದೆ. ಸ್ಟ್ರಾಟೊಕ್ಯಾಸ್ಟರ್‌ಗೆ 1971ರಿಂದ ಸುಮಾರು ಹತ್ತು ವರ್ಷ ಮೂರು ಸ್ಕ್ರೂಗಳೇ ಇದ್ದವು.

ನಿಮ್ಮ ಸಂಖ್ಯೆ ಇರುವುದು ಲೋಹದಲ್ಲಿ ಅಲ್ಲ, ಕಾಗದಕ್ಕಿಂತ ತೆಳುವಾದ ಡೆಕಲ್ ಮೇಲೆ. 1975ರ ಗಿಟಾರಿನ ಹೆಡ್‌ಸ್ಟಾಕನ್ನು ಯಾರೋ ಉಜ್ಜಿದರೂ ತಗಡು ಸಾಕ್ಷಿ ಹೇಳುತ್ತದೆ. ನಿಮ್ಮದನ್ನು ಉಜ್ಜಿದರೆ ಅದು ಹೆಸರಿಲ್ಲದ ಗಿಟಾರ್. ಹೊಸ ಸ್ಟಿಕ್ಕರ್ ಅಂಟಿಸುತ್ತೇವೆ ಎಂದವರು ಇದನ್ನು ನಿಮಗೆ ಹೇಳಬೇಕಿತ್ತು.

ಗುರುತುಗಳು ಹೆಡ್‌ಸ್ಟಾಕ್‌ನಲ್ಲಿ ಮಾತ್ರ ಇರುವುದೂ ಇಲ್ಲ. ನೆಕ್ ಬಿಚ್ಚಿದಾಗ ಅದರ ಬುಡದಲ್ಲಿ ಬಣ್ಣದ ಶಾಯಿಯಲ್ಲಿ ಒತ್ತಿದ ಅಂಕಿಗಳ ಸಾಲು ಕಾಣಬಹುದು. ಐವತ್ತರ ದಶಕದ ಗಿಟಾರುಗಳಲ್ಲಿ ಅಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖು ಇರುತ್ತಿತ್ತು, ಅದನ್ನು ಹುಡುಕಿ ನಿರಾಶರಾಗಬೇಡಿ. ಪಿಕ್‌ಗಾರ್ಡ್, ಅಂದರೆ ಬಾಡಿಯ ಮುಂಭಾಗದ ಪ್ಲಾಸ್ಟಿಕ್ ಹಾಳೆ, ಎತ್ತಿದರೆ ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳ (ನಾಬ್‌ಗಳ ಕೆಳಗಿನ ನಿಯಂತ್ರಕಗಳ) ಬೆನ್ನಿನಲ್ಲಿ ಅಥವಾ ಅಂಚಿನಲ್ಲಿ ಒತ್ತಿದ ಅಂಕಿಗಳಿರುತ್ತವೆ. 137 ಎಂದು ಶುರುವಾದರೆ ಅದು ಸಿಟಿಎಸ್ ಕಂಪನಿಯದು, 304 ಆದರೆ ಸ್ಟ್ಯಾಕ್‌ಪೋಲ್‌ನದು. ಮುಂದಿನ ಎರಡು ಅಂಕಿ ವರ್ಷ, ಕೊನೆಯ ಎರಡು ವಾರ. 1377822 ಎಂದಿದ್ದರೆ 1978ರ 22ನೇ ವಾರದ ಪಾಟ್, ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ಅಡಿಯಲ್ಲೂ ಶಾಯಿಯ ಗುರುತು ಸಿಗಬಹುದು, ಬಾಡಿಯ ಕುಳಿಗಳಲ್ಲಿ ಕೆಲಸಗಾರರ ಪೆನ್ಸಿಲ್ ಗೀಟು ಸಿಗಬಹುದು. ಈ ಶಾಯಿಗಳೆಲ್ಲ ಥಿನ್ನರಿಗೆ ಕರಗುವಂಥವು. ನಿಮ್ಮೂರಿನ ಕಾರ್ಖಾನೆಯಲ್ಲಿ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ತಯಾರಾಗುತ್ತದಲ್ಲ, ಅದನ್ನು ಬಳಸಿದ್ದರೆ ನಮಗೆ ಈ ತಲೆನೋವು ಇರುತ್ತಿರಲಿಲ್ಲ.

ಆದ್ದರಿಂದ ಮೊದಲ ವಾರ ಸ್ಕ್ರೂಡ್ರೈವರ್ ಮತ್ತು ಕ್ಯಾಮೆರಾ ಬಿಟ್ಟು ಬೇರೇನೂ ಬೇಡ. ಹೆಡ್‌ಸ್ಟಾಕ್‌ನ ಫೋಟೋವನ್ನು ನೇರವಾಗಿ ಒಮ್ಮೆ, ಬೆಳಕು ಒಂದು ಬದಿಯಿಂದ ಅಡ್ಡಲಾಗಿ ಬೀಳುವಂತೆ ಇನ್ನೊಮ್ಮೆ ತೆಗೆಯಿರಿ. ಅಡ್ಡ ಬೆಳಕಿನಲ್ಲಿ ಎದ್ದ ಲ್ಯಾಕರಿನ ಅಂಚು, ಡೆಕಲ್‌ನ ಮೇರೆ ಎಲ್ಲ ಗದ್ದೆಯ ಬದುವಿನಂತೆ ಎದ್ದು ಕಾಣುತ್ತವೆ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇರಲಿ. ನಾಳೆ ಏನಾದರೂ ಕೆಟ್ಟರೆ ಅಕ್ಷರದ ಅಳತೆ ಗೊತ್ತಿರಬೇಕು.

ಬಿಚ್ಚುವಾಗ ತಂತಿಗಳನ್ನು ಪೂರ್ತಿ ಸಡಿಲಿಸಿ ತೆಗೆದ ಮೇಲೆಯೇ ನೆಕ್‌ಗೆ ಕೈ ಹಾಕಿ. ತಗಡಿನಲ್ಲಿ ಒಂದು ಸಣ್ಣ ತೂತು ಕಾಣುತ್ತದೆ, ನೆಕ್‌ನ ಓರೆಯನ್ನು ತಿದ್ದುವ ಅಲೆನ್ ಸ್ಕ್ರೂ ಅದರೊಳಗಿದೆ. ಅದನ್ನು ತಿರುಗಿಸಬೇಡಿ. ನೆಕ್‌ನ ಬುಡದಲ್ಲಿ ಅದು ತಾಗುವ ಪುಟ್ಟ ಲೋಹದ ಬಿಲ್ಲೆ ಇರುತ್ತದೆ, ಸಡಿಲವಾಗಿದ್ದರೆ ಬಿದ್ದು ಕಳೆದುಹೋಗುತ್ತದೆ. ಕುಳಿಯೊಳಗೆ ಕಾಗದದ ಅಥವಾ ರಟ್ಟಿನ ಚೂರು ಸಿಕ್ಕರೆ ಕಸವೆಂದು ಎಸೆಯಬೇಡಿ, ಹಾಗೆಯೇ ಹಿಂದಕ್ಕೆ ಹೋಗಬೇಕು. ಬೆಸುಗೆ ಬಿಚ್ಚಲೇಬೇಕಾದರೆ ಎರಡು ಕಡೆ ಮಾತ್ರ: ಕೇಬಲ್ ಚುಚ್ಚುವ ಜ್ಯಾಕ್‌ನಲ್ಲಿ, ಮತ್ತು ಹಿಂಬದಿಯ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಹಲ್ಲಿಗೆ ಬಂದು ಸೇರುವ ತಂತಿಯಲ್ಲಿ. ಪಾಟ್‌ಗಳ ಬೆನ್ನಿನ ಬೆಸುಗೆ ಕಾರ್ಖಾನೆಯ ಕೈಬರಹ. ಅದನ್ನು ಮುಟ್ಟದೆ ಇಡೀ ಪಿಕ್‌ಗಾರ್ಡನ್ನು ಪಿಕಪ್ ಸಮೇತ ಎತ್ತಿ ಪ್ಲಾಸ್ಟಿಕ್ ಚೀಲದಲ್ಲಿಡಿ. ನೆಕ್ ಬೇರೆ ಕೋಣೆಗೆ ಹೋಗಲಿ. ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಕಡುಕಂದು ಮರದ್ದಾಗಿದ್ದರೆ ಒಮ್ಮೆ ಕೈಯಾಡಿಸಿ ನೋಡಿ, ಆ ಕಾಲಕ್ಕೆ ಫೆಂಡರ್ ಬಳಸುತ್ತಿದ್ದುದು ಭಾರತದ ಬೀಟೆ. ನಿಮ್ಮ ಮಾವನವರಿಗಿಂತ ಮೊದಲೇ ಅಮೆರಿಕಕ್ಕೆ ಹೋಗಿ, ಅವರ ಜೊತೆಗೇ ಊರಿಗೆ ಬಂದ ಮರ.

ಪಿಕ್‌ಗಾರ್ಡ್ ಎತ್ತಿದ ಕ್ಷಣವೇ ಮುಖ್ಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದನ್ನು ಬಿಚ್ಚದೆಯೇ ಬಣ್ಣ ಬಳಿದಿದ್ದರೆ ಅದರಡಿಯಲ್ಲಿ ಮೂಲ ಬಣ್ಣ 1978ರಲ್ಲಿದ್ದಂತೆಯೇ ಕಾಣುತ್ತದೆ. ಅಂಚು ಕಪ್ಪಾಗಿ ನಡುವೆ ಹಳದಿಗೆ ತಿರುಗುವ ಸನ್‌ಬರ್ಸ್ಟ್ ಇರಬಹುದು, ಮರದ ನೈಸರ್ಗಿಕ ಬಣ್ಣ ಇರಬಹುದು, ಬಿಳಿ ಇರಬಹುದು. ಕಪ್ಪೇ ಇದ್ದರೆ ಮಾತ್ರ ಎಚ್ಚರ, ಫೆಂಡರ್ ಆಗ ಕಪ್ಪು ಬಣ್ಣದಲ್ಲೂ ಮಾರುತ್ತಿತ್ತು. ಆಗ ಯಾವ ಕಪ್ಪು ಮಾವನವರದು, ಯಾವುದು ಕಂಪನಿಯದು ಎಂದು ಹೊಳಪು ನೋಡಿ ಗುರುತಿಸಬೇಕಾಗುತ್ತದೆ. ಬಾಡಿಯಲ್ಲಿ ಎನಾಮಲ್ ಎದ್ದಿರುವ ಜಾಗದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಕೆಳಗಿನ ಪದರ ಗಾಜಿನಂತೆ ನುಣುಪಾಗಿದ್ದರೆ ಅರ್ಧ ಕೆಲಸ ಆದಂತೆ. ಒಂದೇ ದಿಕ್ಕಿನ ಗೀರುಗಳು ಕಂಡರೆ ಯಾರೋ ಉಜ್ಜಿದ್ದಾರೆ. ನೇರ ಮರವೇ ಕಂಡರೆ ನಿಮ್ಮ ದಾರಿ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಎನಾಮಲ್ ತೆಗೆಯಲು ಎಮರಿ ಪೇಪರ್ ಹಿಡಿಯಬೇಡಿ. ಗುರುತು ಹಾಳಾಗುವುದೊಂದೇ ಭಯವಲ್ಲ. ನಮ್ಮಲ್ಲಿ ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ 90 ಪಿಪಿಎಂ (ದಶಲಕ್ಷಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಎಂಬತ್ತರ ದಶಕದ ಎನಾಮಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ. ಒಣಗಿದ ಬಣ್ಣ ಉಜ್ಜಿದರೆ ಆ ಧೂಳು ಮನೆಯ ಮಕ್ಕಳ ಬಾಯಿಗೂ ಹೋಗುತ್ತದೆ. ಕೆಲಸದ ಕೆಳಗೆ ಹಳೆಯ ಪತ್ರಿಕೆ ಹಾಸಿ, ಉದುರಿದ ಚಕ್ಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಎಸೆಯಿರಿ, ಗುಡಿಸಬೇಡಿ.

ನಾನು ಮೊದಲು ಹಿಡಿಯುವುದು ಕೂದಲು ಒಣಗಿಸುವ ಹೇರ್ ಡ್ರೈಯರ್ ಮತ್ತು ಅವಧಿ ಮುಗಿದ ಎಟಿಎಂ ಕಾರ್ಡು. ಅಂಗೈಯಗಲ ಜಾಗವನ್ನು ಕೈಯಿಟ್ಟರೆ ತಡೆದುಕೊಳ್ಳುವಷ್ಟು ಬಿಸಿ ಮಾಡಿ, ಎದ್ದಿರುವ ಅಂಚಿನಿಂದ ಕಾರ್ಡನ್ನು ಓರೆಯಾಗಿ ತೂರಿಸಿ. ಸರಿಯಾಗಿ ಕಚ್ಚದ ಎನಾಮಲ್ ಬೇಯಿಸಿದ ಮೊಟ್ಟೆಯ ಸಿಪ್ಪೆಯಂತೆ ಬರುತ್ತದೆ. ಬಡಗಿಗಳು ಬಣ್ಣ ಸುಡುವ ಹೀಟ್ ಗನ್ ಬೇಡವೇ ಬೇಡ, ಪಾಲಿಯೆಸ್ಟರ್ ಗುಳ್ಳೆಯೇಳುತ್ತದೆ. ಮೊಂಡು ಹಿಡಿದ ಜಾಗಕ್ಕೆ ಎನ್‌ಸಿ ಥಿನ್ನರ್. ಅದಕ್ಕೂ ಮೊದಲು ಪಿಕ್‌ಗಾರ್ಡ್ ಮುಚ್ಚುವ ಜಾಗದಲ್ಲಿ ಒಂದು ಹನಿ ಇಟ್ಟು ಎರಡು ನಿಮಿಷ ಕಾದು ಒರೆಸಿ ನೋಡಿ. ಮೇಲ್ಮೈ ಮಂಕಾಗದೆ, ಬೆರಳಿಗೆ ಅಂಟದೆ ಇದ್ದರೆ ಪಾಲಿಯೆಸ್ಟರ್ ಎಂಬುದೂ ಖಚಿತವಾಯಿತು. ಅಂಟಿದರೆ ಅಲ್ಲಿಗೇ ನಿಲ್ಲಿಸಿ, ನನ್ನ ಲೆಕ್ಕ ತಪ್ಪಿದೆ ಎಂದರ್ಥ.

ಥಿನ್ನರನ್ನು ಬಾಡಿಯ ಮೇಲೆ ಸುರಿಯಬಾರದು. ಹಳೆಯ ಹತ್ತಿ ಬನಿಯನ್ನಿನ ಚೂರನ್ನು ತೇವ ಮಾಡಿ ಎನಾಮಲ್ ಮೇಲಿಡಿ. ಒಂದೆರಡು ನಿಮಿಷದಲ್ಲಿ ಅದು ಸುಕ್ಕುಗಟ್ಟುತ್ತದೆ, ಕಾರ್ಡಿನಿಂದ ತಳ್ಳಿ ಒರೆಸಿ. ಪಾಲಿಯೆಸ್ಟರ್ ಒಡೆದು ಮರ ಕಾಣುವ ಕಡೆಗಳಲ್ಲಿ ಥಿನ್ನರ್ ಲೇಪದ ಕೆಳಗೆ ನುಸುಳುತ್ತದೆ, ಅಲ್ಲಿ ಒಣ ಕಾರ್ಡು, ಬಿದಿರಿನ ಕಡ್ಡಿ ಎರಡೇ ಸಾಕು. ನೆಕ್ ಕೂರುವ ಕುಳಿಯನ್ನೂ ಪಿಕಪ್ ಕುಳಿಗಳನ್ನೂ ಬಿಟ್ಟುಬಿಡಿ. ಅಲ್ಲಿ ಕಪ್ಪು ಸಿಡಿದಿದ್ದರೆ ಸಿಡಿದಿರಲಿ, ಯಾರ ಕಣ್ಣಿಗೂ ಬೀಳುವುದಿಲ್ಲ, ಗುರುತುಗಳಿರುವುದೋ ಅಲ್ಲಿಯೇ. ಡಬ್ಬಿಯಲ್ಲಿ ಬರುವ ಪೇಂಟ್ ರಿಮೂವರ್ ಬಳಸಬೇಡಿ, ಮಿಥಿಲೀನ್ ಕ್ಲೋರೈಡ್ ಇರುವಂಥದ್ದು ಪಾಲಿಯೆಸ್ಟರನ್ನೂ ಎಬ್ಬಿಸುತ್ತದೆ, ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಥಿನ್ನರ್ ಕೆಲಸವೂ ಬಾಗಿಲು ಕಿಟಕಿ ತೆರೆದ ಜಾಗದಲ್ಲಿ, ದೇವರ ದೀಪ, ಗ್ಯಾಸ್ ಒಲೆ ಎಲ್ಲದರಿಂದ ದೂರ ಆಗಬೇಕು. ಬಟ್ಟೆಯ ಮುಖಗವಸು ಆವಿಯನ್ನು ತಡೆಯುವುದಿಲ್ಲ, ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಕೊಳ್ಳಿ.

ಒಂದು ದಿನಕ್ಕೆ ಒಂದು ಅಂಗೈಯಷ್ಟು ಎಂದು ಇಟ್ಟುಕೊಂಡರೆ ಮೂರು ನಾಲ್ಕು ವಾರ. ಎಲ್ಲ ಬಂದ ಮೇಲೆ ಮಬ್ಬು ಉಳಿದಿದ್ದರೆ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿ. 2000 ನಂಬರಿನ ವಾಟರ್ ಪೇಪರನ್ನು ಸೋಪು ನೀರಿನಲ್ಲಿ ಬಳಸುವುದು ಕೊನೆಯ ಉಪಾಯ, ಅದೂ ಮೂಲೆ ಅಂಚುಗಳನ್ನು ಬಿಟ್ಟು. ಪಾಲಿಯೆಸ್ಟರ್ ಹಾರಿಹೋದ ಗುಂಡಿಗಳನ್ನು ತೆಳು ಸೂಪರ್ ಗ್ಲೂ ಹನಿ ಹನಿಯಾಗಿ ತುಂಬಿಸಿ, ಪದರ ಪದರ ಒಣಗಿಸಿ, ಕೊನೆಗೆ ಬ್ಲೇಡಿನಲ್ಲಿ ಕೆರೆದು ಸಮ ಮಾಡಬಹುದು. ಎಲ್ಲ ಗುಂಡಿಗಳನ್ನೂ ತುಂಬಲು ಹೋಗಬೇಡಿ. ನಾನಾದರೆ ಅಂಚು ಕಿತ್ತು ಬರುವಂಥವನ್ನು ಮಾತ್ರ ತುಂಬುತ್ತೇನೆ.

ಕೆಳಗೆ ಬರೀ ಮರ ಸಿಕ್ಕಿತೆಂದರೆ? ಆಗ ಬಣ್ಣ ಹೊಡೆಯುವುದರಲ್ಲಿ ತಪ್ಪೇನಿಲ್ಲ. ಮೂಲ ಲೇಪ ಕಳೆದುಕೊಂಡ ಹಳೆಯ ಗಿಟಾರಿನ ಬೆಲೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಆ ನಷ್ಟ ಎಂಬತ್ತರ ದಶಕದಲ್ಲೇ ಆಗಿಹೋಗಿದೆ. ಕುಳಿಗಳಿಗೆಲ್ಲ ಕಾಗದ ತುರುಕಿ, ನೆಕ್‌ನ ಕುಳಿಗೆ ಟೇಪ್ ಹಾಕಿ, ಆ್ಯಶ್ ಮರವಾದರೆ ಅದರ ತೆರೆದ ರಂಧ್ರಗಳನ್ನು ಮೊದಲು ಫಿಲ್ಲರ್‌ನಲ್ಲಿ ತುಂಬಿ, ಎನ್‌ಸಿ ಸ್ಯಾಂಡಿಂಗ್ ಸೀಲರ್, ಬಣ್ಣ, ಮೇಲೆ ಪಾರದರ್ಶಕ ಲ್ಯಾಕರ್. ಪಾಲಿಶ್ ಕೆಲಸ ಬಲ್ಲ ಯಾವ ಮೇಸ್ತ್ರಿಗಾದರೂ ಇದು ಗೊತ್ತು. ಅವರಿಗೆ ಬಾಡಿ ಮಾತ್ರ ಕೊಡಿ, ನೆಕ್ ಕೊಡಬೇಡಿ. ಎಷ್ಟೇ ಹೇಳಿ ಕೊಟ್ಟರೂ "ಇದನ್ನೂ ಸ್ವಲ್ಪ ಹೊಳೆಯುವಂತೆ ಮಾಡಿದೆ ಸಾರ್" ಎಂಬ ಮಾತು ಕೇಳಬೇಕಾಗುತ್ತದೆ.

ಈಗ ಹೆಡ್‌ಸ್ಟಾಕ್. ಬಾಡಿಯ ಕೆಲಸ ಪೂರ್ತಿ ಮುಗಿದು, ಥಿನ್ನರ್ ಡಬ್ಬಿ ಮನೆಯಿಂದ ಹೊರಗೆ ಹೋದ ಮೇಲೆ ಇದನ್ನು ಮುಟ್ಟಿ. ಡೆಕಲ್ ಲ್ಯಾಕರಿನ ಮೇಲಿದೆಯೋ ಒಳಗಿದೆಯೋ ಎಂಬುದು ಮೊದಲ ವಿಚಾರ. ಹಳೆಯ ಕಾಲದ ಫೆಂಡರ್‌ಗಳಲ್ಲಿ ಅದು ಮೇಲೆಯೇ ಇರುತ್ತಿದ್ದುದುಂಟು, ನಿಮ್ಮ ಕಾಲದ್ದರಲ್ಲಿ ಒಳಗೆ ಇರಬೇಕು. ಅಡ್ಡ ಬೆಳಕಿನ ಫೋಟೋ ನೋಡಿ. ಡೆಕಲ್‌ನ ಅಂಚು ಬೆರಳಿಗೆ ತಾಗದೆ ಕಣ್ಣಿಗೆ ಮಾತ್ರ ಕಂಡರೆ ಒಳಗಿದೆ. ನಿಮ್ಮಲ್ಲಿ ಲ್ಯಾಕರ್ ಎದ್ದ ಆ ಒಂದು ಜಾಗದಲ್ಲಿ ಅದರ ರಕ್ಷಣೆ ಹೋಗಿದೆ, ಹಾಗಾಗಿ ಅಲ್ಲಿ ನೀರೂ ಬೇಡ.

ಉಳಿದ ಕಡೆ ಕೊಳೆ ತೆಗೆಯಲು ಹಿಂಡಿದ ಒದ್ದೆ ಬಟ್ಟೆ ಸಾಕು. ಸಾಲದಿದ್ದರೆ ಎಂಜಲು. ಮಡಿಯವರು ಕ್ಷಮಿಸಬೇಕು, ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರ, ವಾದ್ಯಗಳನ್ನು ಶುಚಿಗೊಳಿಸುವ ತಜ್ಞರು ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ತಾಗಿಸಿ ಒರೆಸುವುದು ನಿಜ. ಎಂಜಲಿನ ಕಿಣ್ವಗಳು ಕೊಳೆ ಬಿಡಿಸುತ್ತವೆ, ಲ್ಯಾಕರಿಗೆ ಏನೂ ಮಾಡುವುದಿಲ್ಲ. ಸ್ಯಾನಿಟೈಸರ್, ಸೆಂಟು, ಸ್ಪಿರಿಟ್ ಹತ್ತಿರ ಸುಳಿಯಬಾರದು, ಆಲ್ಕೋಹಾಲ್ ನೈಟ್ರೋವನ್ನು ಮಂಕಾಗಿಸುತ್ತದೆ.

ಸಿಡಿದ ಎನಾಮಲ್ ಹನಿಗಳಿಗೆ ದ್ರವವೇ ಬೇಡ. ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆಯಾಗಿ ಕತ್ತರಿಸಿ, ಭೂತಗನ್ನಡಿಯ ಕೆಳಗೆ ಹನಿಯ ಅಂಚಿನಿಂದ ಒತ್ತಿ. ಒಂದು ಹನಿಗೆ ಅರ್ಧ ಗಂಟೆ ಹಿಡಿದರೆ ಹಿಡಿಯಲಿ. ಅಕ್ಷರದ ಮೇಲೆಯೇ ಬಿದ್ದ ಹನಿ ಸುಲಭಕ್ಕೆ ಬರದಿದ್ದರೆ ಅದನ್ನು ಅಲ್ಲಿಯೇ ಬಿಡಿ. ಅಕ್ಷರಕ್ಕಿಂತ ಹನಿ ದೊಡ್ಡದಲ್ಲ.

ಏಳುತ್ತಿರುವ ಲ್ಯಾಕರಿಗೆ ನನ್ನ ಮದ್ದು ಅರಗು. ಮೇಣ ತೆಗೆದ ಶೆಲ್ಯಾಕ್ ಚಕ್ಕೆಗಳನ್ನು ಶುದ್ಧ ಆಲ್ಕೋಹಾಲಿನಲ್ಲಿ ನೀರಿನಷ್ಟು ತೆಳುವಾಗಿ ಕರಗಿಸಿ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ, ಪಿಟೀಲು ತಯಾರಕರ ಪಾಲಿಶೂ ಅದೇ. ಈಗ ತಾನೇ ಆಲ್ಕೋಹಾಲ್ ಬೇಡವೆಂದೆನಲ್ಲ ಎಂದು ನೀವು ಕೇಳಬಹುದು. ಪ್ರಮಾಣದಲ್ಲಿ ವ್ಯತ್ಯಾಸವಿದೆ. ಇಲ್ಲಿ ಬಳಸುವುದು ಸೊನ್ನೆ ನಂಬರಿನ ಚಿತ್ರ ಬರೆಯುವ ಕುಂಚದ ತುದಿಯಷ್ಟು ಮಾತ್ರ. ಆದರೂ ಅಕ್ಷರಗಳಿಂದ ದೂರದಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಮೊದಲು ಪರೀಕ್ಷಿಸಿ. ಆಮೇಲೆ ಎದ್ದ ಹಕ್ಕಳೆಯ ಅಂಚಿಗೆ ಕುಂಚ ತಾಗಿಸಿದರೆ ದ್ರವ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಬೇಕಿಂಗ್ ಪೇಪರ್ ಇಟ್ಟು ಬೆರಳಿನಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಮಾರನೆಯ ದಿನ ಇನ್ನೊಮ್ಮೆ. ಮೂರು ದಿನದಲ್ಲಿ ಹಕ್ಕಳೆ ಕೂತರೆ ಅಲ್ಲಿಗೇ ಮುಗಿಸಿ. ನನ್ನ ಅನುಭವದಲ್ಲಿ ಹೆಡ್‌ಸ್ಟಾಕ್ ಕೆಡುವುದು ಇದರ ಮುಂದಿನ ಉತ್ಸಾಹದಿಂದಲೇ.

ಮುಂದುವರಿಯಲೇಬೇಕಾದರೆ, ಅಂದರೆ ಲ್ಯಾಕರ್ ಬಹಳ ಕಡೆ ಬಿರಿದು ಡೆಕಲ್ ತೆರೆದುಕೊಂಡಿದ್ದರೆ, ಮೇಲೆ ತೆಳುವಾಗಿ ನೈಟ್ರೋ ಹೊಡೆಯಬಹುದು. ಇಲ್ಲಿ ಮಾಸ್ಕಿಂಗ್ ಟೇಪ್ ಡೆಕಲ್ ಮೇಲೆ ಎಂದಿಗೂ ಬೇಡ, ತೆಗೆಯುವಾಗ ಹೆಸರೂ ಜೊತೆಗೆ ಬರುತ್ತದೆ. ಮೊದಲ ನಾಲ್ಕೈದು ಸುತ್ತು ಎಷ್ಟು ದೂರದಿಂದ, ಎಷ್ಟು ತೆಳುವಾಗಿ ಬರಬೇಕೆಂದರೆ ಹನಿ ಗಾಳಿಯಲ್ಲಿ ಹಾರಿ ಬರುವಾಗಲೇ ಅರ್ಧ ಒಣಗಿ ಧೂಳಿನಂತೆ ಕೂರಬೇಕು. ಪ್ರತಿ ಸುತ್ತಿನ ನಡುವೆ ಒಂದು ಗಂಟೆ ಬಿಡಿ. ಒದ್ದೆಯಾಗಿ ಒಂದೇ ಸುತ್ತು ಬಿದ್ದರೂ ಹೊಸ ಲ್ಯಾಕರಿನ ಥಿನ್ನರ್ ಹಳೆಯದನ್ನು ಕರಗಿಸಿ ಡೆಕಲ್‌ವರೆಗೆ ಇಳಿದು ಅದನ್ನು ಹಪ್ಪಳದಂತೆ ಮುದುರಿಸುತ್ತದೆ. ಆ ಧೂಳಿನ ಪದರವೇ ಮುಂದಿನ ಸ್ವಲ್ಪ ಒದ್ದೆ ಸುತ್ತುಗಳಿಗೆ ತಡೆಗೋಡೆ. ಆಮೇಲೆ ತಿಂಗಳು ಬಿಟ್ಟು ಹದವಾಗಿ ಪಾಲಿಶ್ ಮಾಡಿ, ಅಕ್ಷರಗಳ ಮೇಲೆ ಎಮರಿ ಓಡಿಸಬೇಡಿ. ಹಳದಿಯನ್ನು ತೆಗೆಯುವ ಪ್ರಶ್ನೆಯೇ ಇಲ್ಲ.

ಹೊಸ ಡೆಕಲ್ ಬಗ್ಗೆ ಎರಡು ಮಾತು. ಅಚ್ಚು ಹಾಕಿ ಮಾರುವವರು ಇದ್ದಾರೆ, ನೋಡಲು ಥೇಟ್ ಹಾಗೆಯೇ ಇರುತ್ತದೆ. ಮೂಲದ್ದು ಪೂರ್ತಿ ನಾಶವಾದ ಗಿಟಾರಿಗೆ, ಇದು ಬದಲಿಯೆಂದು ಹಿಂಬದಿಯಲ್ಲಿ ಬರೆದಿಟ್ಟು, ಮಾರುವಾಗಲೂ ಹೇಳಿ ಅಂಟಿಸಿಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಮೂಲದ್ದು ಮುಕ್ಕಾಲು ಪಾಲು ಚೆನ್ನಾಗಿರುವಾಗ ಅದನ್ನು ಉಜ್ಜಿ ನಕಲು ಅಂಟಿಸುವುದು ಅಸಲಿ ದಾಖಲೆ ಹರಿದು ಜೆರಾಕ್ಸ್ ಇಟ್ಟುಕೊಂಡಂತೆ. ಸರಣಿ ಸಂಖ್ಯೆಯನ್ನೂ ಅಚ್ಚು ಹಾಕಿಸುವುದಂತೂ ಕೊಳ್ಳುವವರ ಕಣ್ಣಿಗೆ ಮೋಸವಾಗಿಯೇ ಕಾಣುತ್ತದೆ.

ಮಳೆಗಾಲದ ಬಗ್ಗೆ ಕೇಳಿದ್ದೀರಿ. ಬಿಚ್ಚುವುದು, ಫೋಟೋ, ಕಾರ್ಡಿನಿಂದ ಎನಾಮಲ್ ಎಬ್ಬಿಸುವುದು ಇವನ್ನೆಲ್ಲ ಜುಲೈನಲ್ಲೂ ಮಾಡಬಹುದು. ಲ್ಯಾಕರ್ ಸಿಂಪಡಿಸುವ ಯಾವ ಕೆಲಸವನ್ನೂ ಮಾಡಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ. ತಡವಾಗಿ ಆರಿಸುವ ರಿಟಾರ್ಡರ್ ಸೇರಿಸಿದರೆ ಇದು ಕಡಿಮೆಯಾಗುತ್ತದೆ, ಆದರೆ ಡೆಕಲ್ ಮೇಲೆ ಥಿನ್ನರ್ ಹೆಚ್ಚು ಹೊತ್ತು ನಿಲ್ಲುವುದೇ ನಮಗೆ ಬೇಡದ ಸಂಗತಿ. ಹಾಗಾಗಿ ಹೆಡ್‌ಸ್ಟಾಕ್‌ಗೆ ಸಿಂಪಡಣೆ ಬೇಕೇ ಬೇಕೆಂದಾದರೆ ಡಿಸೆಂಬರ್‌ವರೆಗೆ ಕಾಯಿರಿ. ಮೈಸೂರಿನ ಜನವರಿ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು.

ಕೊನೆಗೆ ಆ ತಗಡು. ಅದನ್ನು ಹೊಳಪು ಮಾಡಲು ಕೊಡಬೇಡಿ, ಹೊಸದನ್ನೂ ಹಾಕಬೇಡಿ. ಸೋಪು ನೀರಿನಲ್ಲಿ ತೊಳೆದು ಒರೆಸಿ, ಗೀಚಿದ ಎರಡು ಅಕ್ಷರಗಳು ಮೊದಲಿದ್ದ ಹಾಗೆಯೇ ನೇರವಾಗಿ ಕೂರುವಂತೆ ಹಚ್ಚಿ. ಸ್ಕ್ರೂಗಳನ್ನು ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಎಳೆಗೆ ಕೂತ ಸಣ್ಣ ಸದ್ದು ಕೇಳಿದ ಮೇಲೆ ಬಿಗಿ ಮಾಡಿ. ಪಿಕ್‌ಗಾರ್ಡ್ ಎತ್ತಿದ ದಿನ ಕೆಳಗೆ ಯಾವ ಬಣ್ಣ ಕಂಡಿತೆಂದು ಒಂದು ಸಾಲು ಬರೆಯಿರಿ, ನನಗೂ ಕುತೂಹಲವಿದೆ. ನಾನು ಸನ್‌ಬರ್ಸ್ಟ್ ಎಂದು ಊಹಿಸಿದ್ದೇನೆ.